ಕೋಡಿಂಗ್ ಕಲಿಯೋಕೆ ಆನ್‌ಲೈನ್‌ನಲ್ಲಿ ಯಾವುದು ಒಳ್ಳೆಯದು? ಮಲೆನಾಡಲ್ಲಿ ಕೂತು ಕಲಿಯುವವರಿಗೆ ಒಂದು ಹೋಲಿಕೆ

"ಯೂಡೆಮಿಯಲ್ಲಿ ಕೋರ್ಸ್ ತಗೊಳ್ಳಲಾ, ಎನ್‌ಪಿಟೆಲ್ ಮಾಡಲಾ, ಇಲ್ಲ ಸುಮ್ನೆ ಯೂಟ್ಯೂಬ್ ಸಾಕಾ?" ಶಿವಮೊಗ್ಗ ಕಡೆಯ ಡೆವಲಪರ್‌ಗಳು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. (ಯೂಡೆಮಿ ಅಂದರೆ ದುಡ್ಡು ಕೊಟ್ಟು ಕೋರ್ಸ್ ಕೊಳ್ಳುವ ತಾಣ, ಎನ್‌ಪಿಟೆಲ್ ಅಂದರೆ ಐಐಟಿಯವರ ಪುಕ್ಕಟೆ ಪಾಠಗಳು.) ಕೇಳುವವರು ಒಂದೇ ತರದವರಲ್ಲ. ಸಾಗರದಲ್ಲಿ ಬಿಸಿಎ ಮುಗಿಸಿ ಮೊದಲ ಕೆಲಸ ಹುಡುಕುತ್ತಿರುವವರು ಇದ್ದಾರೆ. ಶಿವಮೊಗ್ಗದ ಸಣ್ಣ ಕಂಪನಿಯಲ್ಲಿ ನಾಲ್ಕೈದು ವರ್ಷ ಪಿಎಚ್‌ಪಿ (ವೆಬ್‌ಸೈಟ್ ಮಾಡಲು ಬಳಸುವ ಭಾಷೆ) ಬರೆದು, ಮುಂದೇನು ಅಂತ ಯೋಚಿಸುತ್ತಿರುವವರು ಇದ್ದಾರೆ. ಬೆಂಗಳೂರಿನ ಕೆಲಸವನ್ನು ಹೊಸನಗರದ ಮನೆಯಿಂದ ಮಾಡುತ್ತಾ, ಸಂಜೆ ಒಂದು ಗಂಟೆ ಓದಿಗೆ ಇಟ್ಟುಕೊಂಡವರೂ ಇದ್ದಾರೆ. ಎಲ್ಲರಿಗೂ ಒಂದೇ ಹೆಸರು ಹೇಳಿ ಕಳಿಸಿದರೆ ಯಾರಿಗೂ ಉಪಯೋಗ ಆಗುವುದಿಲ್ಲ.

ಈಗ ಸಿಗುವುದರಲ್ಲಿ ಬಹುಪಾಲು ಪುಕ್ಕಟೆ. ಕಷ್ಟ ಇರುವುದು ಆರಿಸುವುದರಲ್ಲಿ. ಹೆಚ್ಚಿನವರು ಯೂನಿವರ್ಸಿಟಿಯ ಹೆಸರು, ಕಲಿಸುವವರ ಹೆಸರು, ಎಷ್ಟು ಸ್ಟಾರ್ ಇದೆ ಅನ್ನುವುದನ್ನು ನೋಡಿ ಆರಿಸುತ್ತಾರೆ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ ಇವೆ.

ಏನನ್ನು ನೋಡಿ ಆರಿಸಬೇಕು

ಎಲ್ಲಕ್ಕಿಂತ ಮೇಲೆ ನಾನು ಇಡುವ ಪ್ರಶ್ನೆ: ಅದು ನಿಮ್ಮ ಕೈಯಿಂದ ಕೋಡ್ ಬರೆಸುತ್ತದಾ? ವಿಡಿಯೊ ನೋಡುವಾಗ ಎಲ್ಲವೂ ಅರ್ಥವಾದ ಹಾಗೆ ಅನಿಸುತ್ತದೆ. ಖಾಲಿ ಫೈಲ್ ತೆರೆದು ಕೂತಾಗ ಮೊದಲ ಸಾಲೇ ಹೊಳೆಯುವುದಿಲ್ಲ. ಅಡಿಕೆ ಸುಲಿಯುವುದನ್ನು ಎಷ್ಟು ಹೊತ್ತು ನೋಡಿದರೂ ಮೆಟ್ಟುಗತ್ತಿ ಮುಂದೆ ಕೂರದೆ ಅದು ಬರುವುದಿಲ್ಲ, ಇದೂ ಹಾಗೆಯೇ. ಹಾಗಾಗಿ ಪಾಠಕ್ಕಿಂತ ಅಭ್ಯಾಸ ಜಾಸ್ತಿ ಇರುವ ಕಡೆಗೆ ನನ್ನ ಒಲವು.

ಎರಡನೆಯದು ನಮ್ಮ ಕಡೆಯವರಿಗೇ ವಿಶೇಷವಾಗಿ ಬೇಕಾದದ್ದು. ನೆಟ್ ಇಲ್ಲದಾಗ ಅದು ನಡೆಯುತ್ತದಾ? ಪುನರ್ವಸು, ಪುಷ್ಯ ಮಳೆ ಹಿಡಿದರೆ ತೀರ್ಥಹಳ್ಳಿ, ಹೊಸನಗರದ ಒಳಗಿನ ಊರುಗಳಲ್ಲಿ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಲೈನ್ ಮೇಲೆ ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಟವರ್‌ನ ಬ್ಯಾಟರಿ ಮುಗಿದ ಮೇಲೆ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ. ಬೆಂಗಳೂರಿನವರು ಬರೆದ ಹೋಲಿಕೆಗಳಲ್ಲಿ ಈ ಮಾತು ಬರುವುದೇ ಇಲ್ಲ. ಕರೆಂಟ್ ಇಲ್ಲದ ಎರಡು ದಿನ ಲ್ಯಾಪ್‌ಟಾಪ್ ಬ್ಯಾಟರಿ ಉಳಿಸಿಕೊಂಡು ಏನು ಓದಬಹುದು, ಏನು ಬರೆಯಬಹುದು ಅನ್ನುವುದು ಇಲ್ಲಿ ದೊಡ್ಡ ವಿಷಯ.

ಡೇಟಾದ ಲೆಕ್ಕವೂ ಇದಕ್ಕೇ ಸೇರುತ್ತದೆ. 480ಪಿ ವಿಡಿಯೊ ಗಂಟೆಗೆ ಹೆಚ್ಚುಕಡಿಮೆ ಅರ್ಧ ಜಿಬಿ ತಿನ್ನುತ್ತದೆ. ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿಸಿಕೊಂಡು, ಅದರಲ್ಲೇ ಆಫೀಸಿನ ಮೀಟಿಂಗನ್ನೂ ಮುಗಿಸುವವರಿಗೆ ಸಂಜೆ ಉಳಿಯುವುದು ಅಷ್ಟಕ್ಕಷ್ಟೇ. ಬರಹದ ರೂಪದ ಪಾಠಕ್ಕೆ ಇದರಲ್ಲಿ ಒಂದು ಚೂರೂ ಸಾಕು.

ಆಮೇಲೆ ಭಾಷೆ. ಕನ್ನಡ ಮೀಡಿಯಂನಲ್ಲಿ ಓದಿ ಬಂದವರಿಗೆ ಅಮೆರಿಕನ್ ಉಚ್ಚಾರಣೆಯ ವೇಗದ ಇಂಗ್ಲಿಷ್ ಕೇಳಿಸಿಕೊಳ್ಳುವುದು, ಅದರ ಜೊತೆಗೆ ಹೊಸ ವಿಷಯ ಕಲಿಯುವುದು, ಎರಡೂ ಒಟ್ಟಿಗೆ ಅಂದರೆ ಸುಸ್ತಾಗುತ್ತದೆ. ಓದುವ ಇಂಗ್ಲಿಷ್ ಅಷ್ಟು ಕಷ್ಟ ಕೊಡುವುದಿಲ್ಲ. ನಮ್ಮದೇ ವೇಗದಲ್ಲಿ ಓದಬಹುದು, ಎರಡು ಸಲ ಓದಬಹುದು.

ದುಡ್ಡು, ಸರ್ಟಿಫಿಕೇಟ್ ಎರಡನ್ನೂ ಕೊನೆಗೆ ಇಟ್ಟುಕೊಳ್ಳಿ. ಅವುಗಳಿಂದ ಶುರು ಮಾಡಿದವರು ಸರ್ಟಿಫಿಕೇಟ್ ಕೂಡಿಹಾಕುತ್ತಾ ಹೋಗುತ್ತಾರೆ, ಇಂಟರ್‌ವ್ಯೂನಲ್ಲಿ "ನೀವೇ ಮಾಡಿದ ಏನಾದರೂ ತೋರಿಸಿ" ಅಂದಾಗ ತಡವರಿಸುತ್ತಾರೆ.

ಫ್ರೀಕೋಡ್‌ಕ್ಯಾಂಪ್ ಮತ್ತು ಓಡಿನ್ ಪ್ರಾಜೆಕ್ಟ್

ವೆಬ್ ಡೆವಲಪ್‌ಮೆಂಟ್ ಕಲಿಯಬೇಕು ಅನ್ನುವವರು ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಈ ಎರಡರ ನಡುವೆ. ಎರಡೂ ಪೂರ್ತಿ ಪುಕ್ಕಟೆ, ಎರಡೂ ಹೆಚ್ಚಾಗಿ ಬರಹದ ರೂಪದಲ್ಲಿವೆ. ಆದರೆ ಕಲಿಸುವ ರೀತಿ ಬೇರೆ ಬೇರೆ.

2014ರಲ್ಲಿ ಶುರುವಾದ ಫ್ರೀಕೋಡ್‌ಕ್ಯಾಂಪ್ ಬ್ರೌಸರ್ ಒಳಗೇ ನಡೆಯುತ್ತದೆ. ಒಂದು ಕಡೆ ಸೂಚನೆ, ಪಕ್ಕದಲ್ಲಿ ಕೋಡ್ ಬರೆಯುವ ಜಾಗ. ಈ ಟ್ಯಾಗ್ ಸೇರಿಸಿ, ಈ ಬಣ್ಣ ಕೊಡಿ ಅಂತ ಒಂದೊಂದೇ ಹೆಜ್ಜೆ ಹೇಳಿಕೊಡುತ್ತದೆ. ಸರಿಯಾಗಿದ್ದರೆ ಮುಂದಿನದಕ್ಕೆ ಹೋಗಬಹುದು. ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಹಳೇ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ. ಮೊದಲ ತಿಂಗಳಲ್ಲೇ ಬಿಟ್ಟುಬಿಡುವ ಭಯ ಇರುವವರಿಗೆ ಇದು ತುಂಬಾ ಒಳ್ಳೆಯದು. ತೊಂದರೆ ಏನಪ್ಪಾ ಅಂದರೆ, ಕೈ ಹಿಡಿದು ನಡೆಸುವುದು ಸ್ವಲ್ಪ ಜಾಸ್ತಿಯೇ ಆಗುತ್ತದೆ. ನೂರಾರು ಹೆಜ್ಜೆ ದಾಟಿದ ಮೇಲೂ ನಿಮ್ಮ ಸ್ವಂತ ಕಂಪ್ಯೂಟರಿನಲ್ಲಿ ಒಂದು ಪ್ರಾಜೆಕ್ಟ್ ಫೋಲ್ಡರ್ ಮಾಡಿ, ಗಿಟ್‌ಗೆ (ಕೋಡ್‌ನಲ್ಲಿ ಮಾಡಿದ ಬದಲಾವಣೆಗಳ ದಾಖಲೆ ಇಡುವ ಸಾಫ್ಟ್‌ವೇರ್) ಸೇರಿಸಿ, ಆನ್‌ಲೈನ್‌ಗೆ ಏರಿಸುವುದು ಗೊತ್ತಿರದೇ ಇರಬಹುದು. ಸರ್ಟಿಫಿಕೇಟ್‌ಗಾಗಿ ನೀವೇ ಕಟ್ಟಬೇಕಾದ ಪ್ರಾಜೆಕ್ಟ್‌ಗಳು ಇವೆಯಲ್ಲ, ನಿಜವಾದ ಕಲಿಕೆ ಶುರುವಾಗುವುದೇ ಅಲ್ಲಿ. ಅವನ್ನು ಬೇರೆಯವರದ್ದು ನೋಡಿ ಮುಗಿಸಬೇಡಿ.

ಓಡಿನ್ ಪ್ರಾಜೆಕ್ಟ್ ಶುರುವಿನಲ್ಲೇ ಕಷ್ಟಪಡಿಸುತ್ತದೆ. ಲಿನಕ್ಸ್ ಹಾಕಿಕೊಳ್ಳಿ, ಇಲ್ಲವೇ ವಿಂಡೋಸ್ ಒಳಗೆ ಲಿನಕ್ಸ್ ನಡೆಸುವ ವ್ಯವಸ್ಥೆ ಮಾಡಿಕೊಳ್ಳಿ ಅನ್ನುತ್ತದೆ. ಕಮಾಂಡ್ ಲೈನ್ (ಟೈಪ್ ಮಾಡಿ ಕಂಪ್ಯೂಟರಿಗೆ ಆದೇಶ ಕೊಡುವ ರೀತಿ), ಗಿಟ್ ಮೊದಲ ಪಾಠಗಳಲ್ಲೇ ಬರುತ್ತವೆ. ಆಮೇಲೆ ಕಲ್ಲು-ಕಾಗದ-ಕತ್ತರಿ ಆಟ, ಚಿತ್ರ ಬಿಡಿಸುವ ಚೌಕಗಳ ಹಲಗೆ, ಕ್ಯಾಲ್ಕುಲೇಟರ್ ಇವನ್ನೆಲ್ಲ ಖಾಲಿ ಫೈಲ್‌ನಿಂದ ಕಟ್ಟಬೇಕು. ಏನು ಬೇಕು ಅಂತ ಹೇಳುತ್ತದೆ, ಹೇಗೆ ಅಂತ ಬರೆದುಕೊಡುವುದಿಲ್ಲ. ಕ್ಯಾಲ್ಕುಲೇಟರ್‌ನಲ್ಲಿ ಸೊನ್ನೆಯಿಂದ ಭಾಗಿಸಿದರೆ ಏನು ತೋರಿಸಬೇಕು, ಬರೀ ಇಕ್ವಲ್ ಬಟನ್ ಒತ್ತಿದರೆ ಏನಾಗಬೇಕು, ಇಂಥವನ್ನು ನೀವೇ ಯೋಚಿಸಬೇಕಾಗುತ್ತದೆ. ಕೆಲಸದಲ್ಲಿ ದಿನಾ ಮಾಡುವುದು ಇದನ್ನೇ ಅಲ್ವಾ? ಇದರಲ್ಲಿ ಸರ್ಟಿಫಿಕೇಟ್ ಸಿಗುವುದಿಲ್ಲ. ಕಟ್ಟಿದ ಪ್ರಾಜೆಕ್ಟ್‌ಗಳೇ ಗಿಟ್‌ಹಬ್ ಅನ್ನುವ ಕೋಡ್ ಇಡುವ ತಾಣದಲ್ಲಿ ನಿಮ್ಮ ಹೆಸರಲ್ಲಿ ಉಳಿಯುತ್ತವೆ.

ಮೊದಲ ಕೆಲಸ ಹುಡುಕುತ್ತಿರುವ ಬಿಸಿಎ, ಡಿಪ್ಲೊಮಾ, ಇಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ ನಾನು ಓಡಿನ್ ಕಡೆಗೇ ಕೈ ತೋರಿಸುತ್ತೇನೆ. ಕಂಪ್ಯೂಟರ್ ಹೊಸದು, ಎಚ್‌ಟಿಎಂಎಲ್ ಅಂದರೆ ಏನೂ ಗೊತ್ತಿಲ್ಲ ಅನ್ನುವವರು ಒಂದೆರಡು ತಿಂಗಳು ಫ್ರೀಕೋಡ್‌ಕ್ಯಾಂಪ್‌ನಲ್ಲಿ ಕೈ ಪಳಗಿಸಿಕೊಂಡು ಆಮೇಲೆ ಬರಲಿ. ಮಳೆಗಾಲದ ಲೆಕ್ಕದಲ್ಲೂ ಓಡಿನ್ ಮೇಲು. ಕೋಡ್ ಎಲ್ಲಾ ನಿಮ್ಮ ಕಂಪ್ಯೂಟರಿನಲ್ಲೇ ಇರುವುದರಿಂದ ನೆಟ್ ಹೋದರೂ ಪ್ರಾಜೆಕ್ಟ್ ನಿಲ್ಲುವುದಿಲ್ಲ.

ಎಕ್ಸರ್ಸಿಸಮ್

ಒಂದು ಪ್ರೋಗ್ರಾಮಿಂಗ್ ಭಾಷೆ ಗೊತ್ತಿದ್ದು ಇನ್ನೊಂದು ಕಲಿಯಬೇಕು ಅನ್ನುವವರಿಗೆ ಎಕ್ಸರ್ಸಿಸಮ್ ಅನ್ನುವ ಈ ಅಭ್ಯಾಸದ ತಾಣಕ್ಕಿಂತ ಹೊಂದುವುದನ್ನು ನಾನು ಕಂಡಿಲ್ಲ. 70ಕ್ಕೂ ಹೆಚ್ಚು ಪ್ರೋಗ್ರಾಮಿಂಗ್ ಭಾಷೆಗಳಿವೆ, ಎಲ್ಲವೂ ಪುಕ್ಕಟೆ. ಒಂದು ಚಿಕ್ಕ ಕಮಾಂಡ್ ಕೊಟ್ಟರೆ ಲೆಕ್ಕ ಮತ್ತು ಅದರ ಟೆಸ್ಟ್ ಫೈಲ್ (ನಿಮ್ಮ ಕೋಡ್ ಸರಿ ಇದೆಯಾ ಅಂತ ನೋಡುವ ಫೈಲ್) ನಿಮ್ಮ ಕಂಪ್ಯೂಟರಿಗೆ ಇಳಿಯುತ್ತದೆ. ಆಮೇಲೆ ನೆಟ್ ಬೇಕಾಗಿಲ್ಲ.

ಒಂದು ಉದಾಹರಣೆ ನೋಡಿ. ಅಧಿಕ ವರ್ಷ ಹೌದೋ ಅಲ್ಲವೋ ಅಂತ ಹೇಳುವ ಫಂಕ್ಷನ್ ಬರೆಯುವ ಲೆಕ್ಕ ಒಂದಿದೆ. ಹೆಚ್ಚಿನವರು ಮೊದಲು ಬರೆಯುವುದು "4ರಿಂದ ಭಾಗವಾದರೆ ಹೌದು" ಅಂತ. ಟೆಸ್ಟ್ ಓಡಿಸಿದರೆ 1996 ಪಾಸಾಗುತ್ತದೆ, 1900 ಫೇಲಾಗುತ್ತದೆ. 100ರಿಂದ ಭಾಗವಾಗುವ ವರ್ಷ ಅಧಿಕ ವರ್ಷವಲ್ಲ ಅನ್ನುವುದನ್ನು ಸೇರಿಸುತ್ತೀರಿ. ಈಗ 2000 ಫೇಲ್. 400ರಿಂದ ಭಾಗವಾದರೆ ಮತ್ತೆ ಅಧಿಕ ವರ್ಷ. ಇದನ್ನೂ ಸೇರಿಸಿದ ಮೇಲೆ ಎಲ್ಲಾ ಟೆಸ್ಟ್ ಹಸಿರು. ಆಮೇಲೆ ಮೂರು ಇಫ್ ಇದ್ದದ್ದನ್ನು ಒಂದೇ ಸಾಲಿಗೆ ತರಬಹುದಾ ಅಂತ ನೋಡುತ್ತೀರಿ. ಚಿಕ್ಕ ಲೆಕ್ಕ, ಆದರೆ ಇಷ್ಟರಲ್ಲಿ ಆ ಭಾಷೆಯ ಷರತ್ತು ಬರೆಯುವ ರೀತಿ, ಟೆಸ್ಟ್ ಓಡಿಸುವ ರೀತಿ, ಕೋಡ್ ತಿದ್ದುವ ಅಭ್ಯಾಸ ಮೂರೂ ಕೈಗೆ ಬಂದಿರುತ್ತವೆ. ನೆಟ್ ಬಂದಾಗ ಸಲ್ಲಿಸಿದರೆ ಬೇರೆಯವರು ಅದೇ ಲೆಕ್ಕವನ್ನು ಹೇಗೆ ಬಿಡಿಸಿದ್ದಾರೆ ಅಂತ ನೋಡಬಹುದು, ಮೆಂಟರ್ ಒಬ್ಬರ ಹತ್ತಿರ ನಿಮ್ಮ ಕೋಡ್ ತೋರಿಸಿ ಅಭಿಪ್ರಾಯ ಕೇಳಬಹುದು. ಅದಕ್ಕೂ ದುಡ್ಡಿಲ್ಲ.

ಲೀಟ್‌ಕೋಡ್ ಇದಕ್ಕೆ ಬದಲಾಗುವುದಿಲ್ಲ. ಅದು ಇಂಟರ್‌ವ್ಯೂ ತಯಾರಿಗೆ ಇರುವಂಥದ್ದು. ಇಂಟರ್‌ವ್ಯೂ ಹತ್ತಿರ ಬಂದಾಗ ಮಾಡಿ, ಅಲ್ಲಿಯವರೆಗೆ ಬೇಡ.

ಎನ್‌ಪಿಟೆಲ್

ಎನ್‌ಪಿಟೆಲ್ ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ್ದು. ಬುನಾದಿ ಗಟ್ಟಿ ಮಾಡಿಕೊಳ್ಳಲು ಇದು ಬಹಳ ಒಳ್ಳೆಯದು. ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ನೆಟ್‌ವರ್ಕ್ ಇವೆಲ್ಲ ಕಾಲೇಜಿನಲ್ಲಿ ಪರೀಕ್ಷೆಗೆ ಅಂತ ಓದಿ ಮರೆತವರು ಇಲ್ಲಿ ಮತ್ತೆ ಕಲಿಯಬಹುದು. ಪೈಥಾನ್‌ನಲ್ಲಿ ಡೇಟಾ ಸ್ಟ್ರಕ್ಚರ್ ಮತ್ತು ಆಲ್ಗೊರಿದಂ ಬೇಕಿದ್ದರೆ ಮಾಧವನ್ ಮುಕುಂದ್ ಅವರ 8 ವಾರದ ಕೋರ್ಸ್ ನೋಡಿ. ನಿಧಾನವಾಗಿ, ಒಂದರ ಮೇಲೊಂದು ಇಟ್ಟ ಹಾಗೆ ಹೇಳಿಕೊಡುತ್ತಾರೆ. ಭಾರತೀಯ ಉಚ್ಚಾರಣೆಯ ಇಂಗ್ಲಿಷ್ ಆದ್ದರಿಂದ ಕೇಳಲು ಹಗುರ. ವಿಡಿಯೊಗಳನ್ನು ಇಳಿಸಿಟ್ಟುಕೊಳ್ಳಬಹುದು.

ಪಾಠ ಕೇಳಲು ದುಡ್ಡಿಲ್ಲ. ಸರ್ಟಿಫಿಕೇಟ್ ಬೇಕು ಅಂದರೆ ಪರೀಕ್ಷೆಗೆ 1000 ರೂಪಾಯಿ ಕಟ್ಟಿ, ಕೇಂದ್ರಕ್ಕೆ ಹೋಗಿ ಬರೆಯಬೇಕು. ಅಂಕದಲ್ಲಿ 25 ಭಾಗ ವಾರದ ಅಸೈನ್‌ಮೆಂಟ್‌ಗೆ, 75 ಭಾಗ ಪರೀಕ್ಷೆಗೆ. ಕುಳಿತು ಬರೆದ ಪರೀಕ್ಷೆ ಆದ್ದರಿಂದ ಈ ಸರ್ಟಿಫಿಕೇಟ್‌ಗೆ ನಮ್ಮ ದೇಶದಲ್ಲಿ ಒಂದು ಬೆಲೆ ಇದೆ.

ಇಲ್ಲಿ ನಮ್ಮ ಕಡೆಯವರು ಒಂದು ವಿಷಯ ಗಮನಿಸಬೇಕು. ಕೋರ್ಸ್‌ಗಳು ವರ್ಷಕ್ಕೆ ಎರಡು ಸಲ ನಡೆಯುತ್ತವೆ, ಜನವರಿಯಲ್ಲಿ ಶುರುವಾಗುವುದು ಒಂದು, ಜುಲೈನಲ್ಲಿ ಶುರುವಾಗುವುದು ಒಂದು. ಪ್ರತಿ ವಾರದ ಅಸೈನ್‌ಮೆಂಟ್‌ಗೆ ಕೊನೆ ದಿನಾಂಕ ಇರುತ್ತದೆ. ಜುಲೈ, ಆಗಸ್ಟ್ ಅಂದರೆ ಮಲೆನಾಡಿನಲ್ಲಿ ಜೋರು ಮಳೆ. ಕೊನೆ ದಿನ ಸಂಜೆ ನೆಟ್ ಹೋದರೆ ಆ ವಾರ ಹೋದ ಹಾಗೆಯೇ. 8 ವಾರದ ಕೋರ್ಸಿನಲ್ಲಿ ಚೆನ್ನಾಗಿ ಮಾಡಿದ 6 ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ ತಗೊಳ್ಳುತ್ತಾರೆ, ಹಾಗಾಗಿ ಎರಡು ವಾರ ತಪ್ಪಿದರೂ ನಡೆಯುತ್ತದೆ. ಆದರೂ ಶಿವಮೊಗ್ಗ, ಭದ್ರಾವತಿ ಪೇಟೆಯಲ್ಲಿ ಇಲ್ಲದವರಿಗೆ ಜನವರಿಯದ್ದೇ ವಾಸಿ. ಮಳೆ ಇರುವುದಿಲ್ಲ, ಹೆಚ್ಚಿನ ಮನೆಗಳಲ್ಲಿ ಅಡಿಕೆ ಕೊಯ್ಲೂ ಮುಗಿಯುತ್ತಾ ಬಂದಿರುತ್ತದೆ.

ಇದರ ಕೊರತೆ ಎಂದರೆ ಕೋಡ್ ಬರೆಸುವುದು ಕಡಿಮೆ. ಎಷ್ಟೋ ಕೋರ್ಸ್‌ಗಳಲ್ಲಿ ಅಸೈನ್‌ಮೆಂಟ್ ಅಂದರೆ ಸರಿ ಉತ್ತರಕ್ಕೆ ಗುರುತು ಹಾಕುವುದಷ್ಟೇ. ಜೊತೆಗೆ ಎಕ್ಸರ್ಸಿಸಮ್ ಇಟ್ಟುಕೊಂಡರೆ ಆ ಕೊರತೆ ತುಂಬುತ್ತದೆ.

ಇದರ ಜೊತೆ ಹೋಲಿಸಿ ನೋಡಬೇಕಾದದ್ದು ಹಾರ್ವರ್ಡ್‌ನ ಸಿಎಸ್50. ಡೇವಿಡ್ ಮಲಾನ್ ಪಾಠ ಮಾಡುತ್ತಾರೆ, ಬಹಳ ಉತ್ಸಾಹದ ಪಾಠ. ಬ್ಲಾಕ್ ಜೋಡಿಸಿ ಪ್ರೋಗ್ರಾಂ ಮಾಡುವ ಸ್ಕ್ರ್ಯಾಚ್‌ನಿಂದ ಶುರುವಾಗಿ ಸಿ, ಪೈಥಾನ್, ಎಸ್‌ಕ್ಯುಎಲ್, ವೆಬ್ ತನಕ ಹೋಗುತ್ತದೆ. ವಾರದ ಲೆಕ್ಕಗಳು ನಿಜಕ್ಕೂ ಕಷ್ಟ, ಬಿಡಿಸಿದರೆ ಬುದ್ಧಿ ಬೆಳೆಯುತ್ತದೆ. ಎಲ್ಲಾ ಲೆಕ್ಕ ಮತ್ತು ಕೊನೆಯ ಪ್ರಾಜೆಕ್ಟ್ ಮುಗಿಸಿದರೆ ಪುಕ್ಕಟೆ ಸರ್ಟಿಫಿಕೇಟ್ ಕೂಡ ಇದೆ. ಕೋಡ್ ಬರೆಯುವ ಜಾಗ ಮಾತ್ರ ಆನ್‌ಲೈನ್‌ನಲ್ಲಿದೆ, ಅದಕ್ಕೆ ನಿಲ್ಲದ ನೆಟ್ ಬೇಕು. ಮನೆಗೆ ಫೈಬರ್ ಬಂದಿದ್ದು ರೂಟರ್‌ಗೆ ಯುಪಿಎಸ್ ಇದ್ದರೆ ಸಿಎಸ್50, ಇಲ್ಲದಿದ್ದರೆ ಎನ್‌ಪಿಟೆಲ್.

ಕನ್ನಡದಲ್ಲಿ ಏನಿದೆ

ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಬಗ್ಗೆ ನಮ್ಮಲ್ಲಿ ಗೊತ್ತಿರುವವರು ಕಡಿಮೆ, ಅದು ಬೇಸರದ ಸಂಗತಿ. ಹತ್ತು ನಿಮಿಷದ ಆಸುಪಾಸಿನ ಚಿಕ್ಕ ವಿಡಿಯೊಗಳು, ಕನ್ನಡದ ದನಿಯಲ್ಲೂ ಸಿಗುತ್ತವೆ. ಲಿನಕ್ಸ್, ಸಿ, ಜಾವಾ, ಪೈಥಾನ್ ಹೀಗೆ ಮುಕ್ತ ತಂತ್ರಾಂಶಗಳ ಮೇಲೆ ಮಾಡಿದ್ದಾರೆ. ಒಂದು ಪಕ್ಕದಲ್ಲಿ ವಿಡಿಯೊ, ಇನ್ನೊಂದು ಪಕ್ಕದಲ್ಲಿ ಸಾಫ್ಟ್‌ವೇರ್ ತೆರೆದಿಟ್ಟುಕೊಂಡು ಅವರು ಮಾಡಿದ್ದನ್ನೇ ಮಾಡುತ್ತಾ ಹೋಗಬೇಕು. ನೆಟ್ ಇಲ್ಲದ ಕಡೆಯೂ ಕಲಿಯಬೇಕು ಅನ್ನುವ ಉದ್ದೇಶದಿಂದಲೇ ಮಾಡಿದ್ದರಿಂದ ಇಳಿಸಿಟ್ಟುಕೊಳ್ಳುವುದು ಸುಲಭ. ಕೆಲವು ಪಾಠಗಳು ಹಳೆಯ ಆವೃತ್ತಿಯ ಮೇಲಿವೆ. ಬುನಾದಿಗೆ ಅದರಿಂದ ತೊಂದರೆ ಇಲ್ಲ, ಸಿ ಭಾಷೆಯ ಲೂಪ್ ಏನೂ ಬದಲಾಗಿಲ್ಲ. ಹೊಸ ಫ್ರೇಮ್‌ವರ್ಕ್ ಬೇಕು ಅಂದರೆ ಇಲ್ಲಿ ಹುಡುಕಬೇಡಿ.

ಯೂಟ್ಯೂಬ್‌ನಲ್ಲಿ ಕನ್ನಡದ ಪಾಠಗಳು ಈಗ ಸಾಕಷ್ಟಿವೆ. ಒಂದು ವಿಷಯ ತಲೆಗೆ ಹತ್ತದಿದ್ದಾಗ ಕನ್ನಡದಲ್ಲಿ ಕೇಳಿ, ಮತ್ತೆ ಮೂಲ ಓದಿಗೆ ಬನ್ನಿ. ಯೂಟ್ಯೂಬ್ ಒಂದನ್ನೇ ನಂಬಿಕೊಂಡರೆ ಒಂದು ವಿಡಿಯೊ ಮುಗಿಯುವಷ್ಟರಲ್ಲಿ ಇನ್ನೊಂದು ಕರೆಯುತ್ತದೆ, ಕ್ರಮ ತಪ್ಪುತ್ತದೆ.

ಎಐ ಚಾಟ್‌ಗಳ ದೊಡ್ಡ ಉಪಯೋಗವೂ ಇಲ್ಲಿಯೇ. "ಈ ಎರರ್ ಯಾಕೆ ಬಂತು, ಕನ್ನಡದಲ್ಲಿ ಹೇಳು" ಅಂದರೆ ಹೇಳುತ್ತವೆ. ವಿವರಣೆ ಕೇಳಿ, ಕೋಡ್ ಬರೆಸಿಕೊಳ್ಳಬೇಡಿ. ಇಲ್ಲದ ಫಂಕ್ಷನ್ ಹೆಸರನ್ನು ಇದೆ ಅಂತ ಧೈರ್ಯವಾಗಿ ಹೇಳಿಬಿಡುತ್ತವೆ, ಹಾಗಾಗಿ ಅಧಿಕೃತ ಡಾಕ್ಯುಮೆಂಟೇಷನ್ (ಆ ಭಾಷೆ ಮಾಡಿದವರೇ ಕೊಡುವ ಕೈಪಿಡಿ) ತೆರೆದು ತಾಳೆ ನೋಡಬೇಕು.

ಕೆಲಸದಲ್ಲಿ ಇರುವವರಿಗೆ ಡಾಕ್ಯುಮೆಂಟೇಷನ್

ನಾಲ್ಕೈದು ವರ್ಷ ಅನುಭವ ಇದ್ದವರಿಗೆ ಹೊಸ ಕೋರ್ಸ್ ಬೇಕಾಗಿರುವುದೇ ಇಲ್ಲ ಅಂತ ನನ್ನ ಅಭಿಪ್ರಾಯ. ಕೋರ್ಸ್‌ಗಳಲ್ಲಿ ಅರ್ಧಕ್ಕರ್ಧ ಗೊತ್ತಿರುವುದೇ ಬರುತ್ತದೆ. ದಿನಾ ಬಳಸುವುದನ್ನೇ ಆಳವಾಗಿ ಓದಿದರೆ ಲಾಭ ಜಾಸ್ತಿ.

ಪಿಎಚ್‌ಪಿ ಬರೆಯುವವರ ಹತ್ತಿರ ಸಾಮಾನ್ಯವಾಗಿ ಮೈಎಸ್‌ಕ್ಯುಎಲ್ ಡೇಟಾಬೇಸ್ ಇರುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಒಬ್ಬ ಗಿರಾಕಿಯ ಹಳೇ ಬಿಲ್‌ಗಳನ್ನು ತೆಗೆಯುವ ಪುಟ ನಿಧಾನ ಅಂದುಕೊಳ್ಳಿ. ಆ ಬಿಲ್‌ಗಳನ್ನು ಡೇಟಾಬೇಸ್‌ನಿಂದ ಕೇಳುವ ಕ್ವೆರಿಯ ಮುಂದೆ "ಎಕ್ಸ್‌ಪ್ಲೇನ್" ಅಂತ ಸೇರಿಸಿ ಓಡಿಸಿ. ಟೈಪ್ ಅನ್ನುವ ಕಾಲಂನಲ್ಲಿ "ಆಲ್" ಅಂತ ಬಂದರೆ ಇಡೀ ಟೇಬಲ್ಲನ್ನು ತಡಕುತ್ತಿದೆ ಅಂತ ಅರ್ಥ. ಅಲ್ಲೇ ಇರುವ ರೋಸ್ (rows) ಕಾಲಂ ಎಷ್ಟು ಸಾಲು ನೋಡಬೇಕಾಗಬಹುದು ಅನ್ನುವ ಅಂದಾಜು ಕೊಡುತ್ತದೆ. ಗಿರಾಕಿಯ ಐಡಿ ಮೇಲೆ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯ ತರದ್ದು) ಹಾಕಿ ಮತ್ತೆ ಓಡಿಸಿದರೆ "ಆಲ್" ಹೋಗಿ "ರೆಫ್" ಬರುತ್ತದೆ, ಸಾಲುಗಳ ಅಂದಾಜೂ ಇಳಿಯುತ್ತದೆ. ಹಾಗಂತ ಎಲ್ಲಾ ಕಾಲಂಗೂ ಇಂಡೆಕ್ಸ್ ಹಾಕಿದರೆ ಹೊಸ ಬಿಲ್ ಸೇರಿಸುವುದು ನಿಧಾನವಾಗುತ್ತದೆ, ಯಾಕೆಂದರೆ ಪ್ರತಿ ಸಲ ಎಲ್ಲಾ ಇಂಡೆಕ್ಸ್‌ಗಳನ್ನೂ ತಿದ್ದಬೇಕು. ಇಷ್ಟು ವಿಷಯ ಮೈಎಸ್‌ಕ್ಯುಎಲ್ ಕೈಪಿಡಿಯ ಆಪ್ಟಿಮೈಸೇಷನ್ ಅಧ್ಯಾಯದಲ್ಲಿದೆ. ಓದಿದ ಮರುದಿನವೇ ಆಫೀಸಿನಲ್ಲಿ ಬಳಸಬಹುದು.

ಪೈಥಾನ್‌ನ ಅಧಿಕೃತ ಟ್ಯುಟೋರಿಯಲ್, ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟಲು ಬಳಸುವ ಜಾಂಗೋದ ಮತದಾನದ ಆ್ಯಪ್ ಕಟ್ಟಿಸುವ ಪಾಠ, ವೆಬ್‌ಗೆ ಮೊಜಿಲ್ಲಾದ ಎಂಡಿಎನ್ ಇವೂ ಇದೇ ದರ್ಜೆಯವು. ಶೆಲ್, ಗಿಟ್, ಡೀಬಗ್ಗಿಂಗ್ ಇವುಗಳಲ್ಲಿ ಕೈ ಸಡಿಲ ಇದ್ದರೆ ಎಂಐಟಿಯವರ "ಮಿಸ್ಸಿಂಗ್ ಸೆಮಿಸ್ಟರ್" ಪಾಠಗಳನ್ನು ನೋಡಿ. ಕಾಲೇಜಿನಲ್ಲಿ ಯಾರೂ ಹೇಳಿಕೊಡದ, ಕೆಲಸದಲ್ಲಿ ಎಲ್ಲರೂ ಗೊತ್ತಿರಬೇಕು ಅಂದುಕೊಳ್ಳುವ ವಿಷಯಗಳೇ ಅದರಲ್ಲಿ ಇರುವುದು.

ಮಳೆಗಾಲಕ್ಕೆ ಡಾಕ್ಯುಮೆಂಟೇಷನ್‌ನಷ್ಟು ಒಗ್ಗುವುದು ಬೇರೆ ಇಲ್ಲ. ಝೀಲ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡು ನಿಮಗೆ ಬೇಕಾದ ಭಾಷೆ, ಫ್ರೇಮ್‌ವರ್ಕ್‌ಗಳ ಡಾಕ್ಯುಮೆಂಟೇಷನ್ ಇಳಿಸಿಟ್ಟುಕೊಳ್ಳಿ. ಬ್ರೌಸರ್‌ನಲ್ಲೇ ಸಾಕು ಅಂದರೆ ಡೆವ್‌ಡಾಕ್ಸ್ ಕೂಡ ಆಫ್‌ಲೈನ್ ನಡೆಯುತ್ತದೆ. ಮೇ ತಿಂಗಳಲ್ಲಿ ಸೌದೆ ಒಟ್ಟುವ ಹೊತ್ತಿಗೇ ಈ ಕೆಲಸವನ್ನೂ ಮುಗಿಸಿಬಿಡಿ. ಮನೆಯಿಂದ ಕೆಲಸ ಮಾಡುವವರಿಗೆ ಆಫೀಸಿನ ಕೆಲಸಕ್ಕೂ ಇದು ಆಗುತ್ತದೆ.

ದುಡ್ಡು ಎಲ್ಲಿ ಹಾಕಬಹುದು

ಖರ್ಚಿಲ್ಲದೆಯೇ ಮೇಲಿನದ್ದೆಲ್ಲ ಆಗುತ್ತದೆ. ಐನೂರು ರೂಪಾಯಿ ಆಸುಪಾಸು ಇದ್ದರೆ ಯೂಡೆಮಿ ಒಂದು ಆಯ್ಕೆ. ಅಲ್ಲಿ ರಿಯಾಯಿತಿ ಆಗಾಗ ಬರುತ್ತಲೇ ಇರುತ್ತದೆ, ಸಾವಿರಾರು ರೂಪಾಯಿಯ ಬೆಲೆ ಕಂಡರೆ ಸ್ವಲ್ಪ ದಿನ ಕಾಯಿರಿ. ಮೊಬೈಲ್ ಆ್ಯಪ್‌ನಲ್ಲಿ ವಿಡಿಯೊ ಇಳಿಸಿಟ್ಟುಕೊಳ್ಳಬಹುದು. ಶಿವಮೊಗ್ಗದಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರಿಗೆ ಅನುಕೂಲ. ಗುಣಮಟ್ಟ ಕಲಿಸುವವರ ಮೇಲೆ ಹೋಗುತ್ತದೆ. ಕೊಳ್ಳುವ ಮೊದಲು ಕೊನೆಯ ಸಲ ಯಾವಾಗ ತಿದ್ದಿದ್ದಾರೆ ನೋಡಿ, ಪುಕ್ಕಟೆ ತೋರಿಸುವ ಪಾಠಗಳಲ್ಲಿ ಒಂದನ್ನಾದರೂ ನೋಡಿ. ಸರಿ ಬರದಿದ್ದರೆ 30 ದಿನದ ಒಳಗೆ ಹಣ ವಾಪಸ್ ಕೇಳಬಹುದು. ಡಾಕರ್, ಸ್ಪ್ರಿಂಗ್ ಬೂಟ್ ತರದ ಒಂದು ನಿರ್ದಿಷ್ಟ ಉಪಕರಣ ಬೇಗ ಕಲಿಯಬೇಕಾದಾಗ ಇದು ಸರಿ. ಬುನಾದಿಗೆ ಇದನ್ನು ನೆಚ್ಚಬೇಡಿ.

ಕೋರ್ಸೆರಾ ತಿಂಗಳ ಲೆಕ್ಕದಲ್ಲಿ ದುಡ್ಡು ತಗೊಳ್ಳುತ್ತದೆ, ನಿಧಾನ ಮಾಡಿದಷ್ಟೂ ಖರ್ಚು ಏರುತ್ತದೆ. ಕಟ್ಟಲು ಆಗದಿದ್ದರೆ ಹಣಕಾಸಿನ ನೆರವಿಗೆ ಅರ್ಜಿ ಹಾಕುವ ವ್ಯವಸ್ಥೆ ಇದೆ. ವಿದ್ಯಾರ್ಥಿಗಳು ಅದನ್ನು ಬಳಸಿಕೊಳ್ಳಿ.

ಲಕ್ಷದ ಲೆಕ್ಕದಲ್ಲಿ ಫೀಸ್ ಕೇಳುವ, ಕೆಲಸ ಕೊಡಿಸುತ್ತೇವೆ ಅನ್ನುವ ಕೋರ್ಸ್‌ಗಳ ಫೋನ್ ಕರೆ ಫೈನಲ್ ಇಯರ್ ಮಕ್ಕಳಿಗೆ, ಅವರ ಅಪ್ಪ ಅಮ್ಮಂದಿರಿಗೆ ಬರುತ್ತಲೇ ಇರುತ್ತದೆ. ಒಪ್ಪುವ ಮೊದಲು ಮೂರರಿಂದ ಆರು ತಿಂಗಳು ಓಡಿನ್ ಅಥವಾ ಸಿಎಸ್50 ಮಾಡಿ ನೋಡಿ. ಅದರಲ್ಲಿ ದಿನಾ ಕೂರಲು ಆದರೆ ಲಕ್ಷ ಕೊಡುವ ಅಗತ್ಯ ಬಹುಶಃ ಇರುವುದಿಲ್ಲ. ಆಗದಿದ್ದರೆ ಲಕ್ಷ ಕೊಟ್ಟರೂ ಕೂರುವುದು ನೀವೇ. ಆದರೂ ಸೇರಬೇಕು ಅನಿಸಿದರೆ ಇವನ್ನು ಕೇಳಿ: ಇಎಂಐ ಅಂದರೆ ಅದು ಯಾವ ಸಂಸ್ಥೆಯ ಸಾಲ, ಯಾರ ಹೆಸರಿನಲ್ಲಿ? ಮಧ್ಯದಲ್ಲಿ ಬಿಟ್ಟರೆ ಸಾಲ ನಿಲ್ಲುತ್ತದಾ, ಕಟ್ಟುತ್ತಲೇ ಇರಬೇಕಾ? ಕೆಲಸ ಸಿಗದಿದ್ದರೆ ಎಷ್ಟು ವಾಪಸ್, ಎಷ್ಟು ದಿನದಲ್ಲಿ? ಬಾಯಿಮಾತು ಬೇಡ, ಸಹಿ ಹಾಕುವ ಕಾಗದದಲ್ಲೇ ಇರಬೇಕು. ಆ ಕಾಗದವನ್ನು ಮನೆಗೆ ತಂದು, ಎರಡು ದಿನ ಇಟ್ಟುಕೊಂಡು, ಬ್ಯಾಂಕಿನ ವ್ಯವಹಾರ ಗೊತ್ತಿರುವ ಒಬ್ಬರಿಗೆ ತೋರಿಸಿ. ಇವತ್ತೇ ಸಹಿ ಹಾಕಿ, ನಾಳೆ ಸೀಟ್ ಇರಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ.